ಅದೇ ಪಿಸ್ಟನ್ ಎರಡು ಸಲ ಯಾಕೆ ಹೋಯ್ತು?

ಪ್ರಶ್ನೆ: ಸರ್, ನನ್ನ ಹಳೇ ಸ್ನೋಮೊಬೈಲ್‌ನಲ್ಲಿ (ಹಿಮದ ಮೇಲೆ ಓಡುವ ಗಾಡಿ) ಎರಡು ಸಿಲಿಂಡರಿನ, ಫ್ಯಾನ್ ಗಾಳಿಯಿಂದ ತಣ್ಣಗಾಗುವ ಟೂ-ಸ್ಟ್ರೋಕ್ ಎಂಜಿನ್ ಇದೆ. ಎರಡು ಕಾರ್ಬ್ಯುರೇಟರ್. ಹೋದ ಚಳಿಗಾಲದಲ್ಲಿ ಕ್ಲಚ್ ಕಡೆಯ ಪಿಸ್ಟನ್ ಸೀಜ್ ಆಯಿತು, ಅಂದರೆ ಸಿಲಿಂಡರಿನಲ್ಲಿ ಕಚ್ಚಿಕೊಂಡಿತು. ಸಿಲಿಂಡರ್ ಬೋರ್ ಮಾಡಿಸಿ (ಒಳಗೆ ಕೊರೆಸಿ) ಹೊಸ ಪಿಸ್ಟನ್ ಹಾಕಿದೆ. ಎರಡೇ ದಿನ ಓಡಿತು, ಮತ್ತೆ ಅದೇ ಪಿಸ್ಟನ್ ಹೋಯಿತು. ಪಕ್ಕದ್ದಕ್ಕೆ ಏನೂ ಆಗಿಲ್ಲ. ಹೇಗೂ ಬಿಚ್ಚಬೇಕಲ್ಲ, ದೊಡ್ಡ ಕಾರ್ಬ್ಯುರೇಟರ್, ಟ್ಯೂನ್ಡ್ ಪೈಪ್ (ಶಕ್ತಿ ಹೆಚ್ಚಿಸುವ ಎಕ್ಸಾಸ್ಟ್ ಪೈಪ್) ಹಾಕಿ ಸ್ವಲ್ಪ ಜೋರು ಮಾಡೋಣ ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಹೋದ ಪಿಸ್ಟನ್‌ನಿಂದ. ಎಸೆದಿದ್ದರೆ ಕಸದ ಡಬ್ಬಿಯಿಂದ ಎತ್ತಿ ತನ್ನಿ. ಸುತ್ತಲೂ ನಾಲ್ಕು ಕಡೆ ಉದ್ದುದ್ದ ಗೀರು ಬಿದ್ದಿದ್ದರೆ, ಎಂಜಿನ್ ಬಿಸಿಯಾಗುವ ಮೊದಲೇ ಥ್ರಾಟಲ್ ಎಳೆದಿದ್ದೀರಿ. ಪಿಸ್ಟನ್ ಬೇಗ ಹಿಗ್ಗಿತು, ಸಿಲಿಂಡರ್ ಇನ್ನೂ ತಣ್ಣಗಿತ್ತು. ಎಕ್ಸಾಸ್ಟ್ ಕಡೆ ಮಾತ್ರ ಸವೆದು ಬಳಿದುಕೊಂಡಂತಿದ್ದರೆ ಕಥೆ ಬೇರೆ. ಪೆಟ್ರೋಲ್ ಸಾಲದೆ ಗಾಳಿ ಜಾಸ್ತಿಯಾಗಿ ಸುಟ್ಟಿದೆ. ಒಂದೇ ಕಡೆ ಎರಡು ಸಲ ಅಂದರೆ ನನ್ನ ಅನುಮಾನ ಈ ಎರಡನೆಯದರ ಮೇಲೆ.

ಟೂ-ಸ್ಟ್ರೋಕ್‌ನಲ್ಲಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸೇ ಪಂಪು. ಗಾಳಿ, ಪೆಟ್ರೋಲ್ ಎರಡೂ ಮೊದಲು ಅಲ್ಲಿಗೆ ಬಂದು, ಆಮೇಲೆ ಮೇಲಕ್ಕೆ ಹೋಗಬೇಕು. ಎರಡು ಸಿಲಿಂಡರಿಗೂ ಬೇರೆ ಬೇರೆ ಕೋಣೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಕ್ರ್ಯಾಂಕ್ ಸೀಲ್ (ಶಾಫ್ಟ್ ಹೊರಬರುವಲ್ಲಿ ಗಾಳಿ ತಡೆಯುವ ರಬ್ಬರ್ ಬಳೆ) ಗಟ್ಟಿಯಾಗಿ, ಶಾಫ್ಟಿನ ಸುತ್ತ ಸಂದು ಬಿಡುತ್ತದೆ. ಆ ಕೋಣೆ ಅಲ್ಲಿಂದ ಕಳ್ಳಗಾಳಿ ಎಳೆಯುತ್ತದೆ. ಪಕ್ಕದ ಕೋಣೆಗೆ ಗೊತ್ತೇ ಆಗುವುದಿಲ್ಲ. ಆ ಕಡೆಯ ಕಾರ್ಬ್ಯುರೇಟರಿನ ಜೆಟ್‌ನಲ್ಲಿ (ಪೆಟ್ರೋಲ್ ಹೋಗುವ ಸಣ್ಣ ತೂತು) ಕಸ ಕೂತಿದ್ದರೂ, ಕಾರ್ಬ್ಯುರೇಟರ್ ಕೂರುವ ರಬ್ಬರ್ ಬಿರಿದಿದ್ದರೂ ಹೀಗೇ ಆಗಬಹುದು. ಅವನ್ನೂ ನೋಡಿ.

ನಾನೂ ನಿಮ್ಮ ಹಾಗೇ ಮೂರ್ಖತನ ಮಾಡಿದವನೇ. ಮೊದಲ ಎಂಜಿನ್‌ಗೆ ಎರಡು ಪಿಸ್ಟನ್ ಬಲಿ ಕೊಟ್ಟೆ, ಎರಡು ಸಲವೂ ಪಿಸ್ಟನ್ ಮಾಡಿದವರನ್ನೇ ಬೈದೆ. ಮೂರನೇ ಸಲ ಬುದ್ಧಿ ಬಂತು. ಕೇಸ್ ಬಿಚ್ಚುವ ಮೊದಲು ಇನ್‌ಟೇಕ್, ಎಕ್ಸಾಸ್ಟ್ ಬಾಯಿಗಳನ್ನು ರಬ್ಬರ್ ಇಟ್ಟು ಮುಚ್ಚಿದೆ. ಪ್ಲಗ್ ಬಿಗಿದೆ. ಫ್ಯುಯಲ್ ಪಂಪಿಗೆ ಹೋಗುವ ಸಣ್ಣ ಕೊಳವೆಯನ್ನೂ ಮುಚ್ಚಿದೆ, ಇದನ್ನು ಎಲ್ಲರೂ ಮರೆಯುತ್ತಾರೆ. ಕೈಪಂಪಿನಿಂದ 6 ಪಿಎಸ್‌ಐ ಗಾಳಿ ತುಂಬಿಸಿದೆ. ಅದಕ್ಕಿಂತ ಜಾಸ್ತಿ ಬೇಡ, ಒಳ್ಳೇ ಸೀಲೂ ಎದ್ದು ಬಂದೀತು. ಪಂಪಿನ ಮೀಟರಿನ ಮುಳ್ಳು ಕಣ್ಣೆದುರೇ ಇಳಿಯತೊಡಗಿತು. ಕ್ಲಚ್ ತೆಗೆದು ಶಾಫ್ಟಿನ ಬುಡಕ್ಕೆ ಬ್ರಷ್‌ನಲ್ಲಿ ಸೋಪಿನ ನೀರು ಹಚ್ಚಿದೆ. ಕಪ್ಪೆ ಮೊಟ್ಟೆಯ ಹಾಗೆ ಸಣ್ಣ ಸಣ್ಣ ಗುಳ್ಳೆ, ಒಂದರ ಮೇಲೊಂದು ಉಬ್ಬಿ ಬಂದವು. ಪಾಪ, ಪಿಸ್ಟನ್ ಮಾಡಿದವರು!

ಅನೇಕ ಎಂಜಿನ್‌ಗಳಲ್ಲಿ ಈ ಸೀಲ್ ಕೇಸಿನ ತೋಡಿನೊಳಗೆ ಕೂತಿರುತ್ತದೆ, ಕೇಸ್ ಬಿಡಿಸದೆ ಬದಲಿಸಲಾಗದು. ಬಿಡಿಸಿದ ಮೇಲೆ ಎರಡೂ ಕಡೆಯ ಸೀಲ್ ಹೊಸದು ಹಾಕಿ. ಬೇರಿಂಗ್ ಬೆರಳಲ್ಲಿ ತಿರುಗಿಸಿ ನೋಡಿ, ಮರಳು ಸಿಕ್ಕ ಹಾಗೆ ಅನ್ನಿಸಿದರೆ ಬಿಡಿ, ಅದು ಮುಗಿಯಿತು. ಬೋರ್ ಮಾಡಿಸಿದರೆ ಪೋರ್ಟಿನ (ಸಿಲಿಂಡರ್ ಗೋಡೆಯ ಕಿಂಡಿ) ಅಂಚು ನಯ ಮಾಡಿಸಿ, ಇಲ್ಲದಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ. ನಿಕಾಸಿಲ್ ಲೇಪನದ ಸಿಲಿಂಡರ್ ಆದರೆ ಸುಮ್ನೆ ಬೋರ್ ಮಾಡಿಸುವ ಹಾಗಿಲ್ಲ, ಲೇಪನ ಮತ್ತೆ ಹಾಕಿಸಬೇಕು. ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ಸ್ಪ್ರಿಂಗ್ ಬಳೆ, ಸರ್ಕ್ಲಿಪ್, ಯಾವತ್ತೂ ಹೊಸದೇ. ಹಾಕುವಾಗ ಕೇಸಿನ ಬಾಯಿಗೆ ಬಟ್ಟೆ ತುರುಕಿ. ಚಿಮ್ಮಿ ಒಳಗೆ ಬಿದ್ದರೆ ಇಡೀ ರಾತ್ರಿ ಹುಡುಕಬೇಕಾಗುತ್ತದೆ.

ಈಗ ಜೋರು ಮಾಡುವ ಮಾತು. ದೊಡ್ಡ ಕಾರ್ಬ್ಯುರೇಟರ್ ಬೇಡ. ಫ್ಯಾನ್ ಎಂಜಿನ್‌ಗೆ ಶಾಖವೇ ಮಿತಿ. ಮೊದಲು ಸ್ಕ್ವಿಷ್ (ಪಿಸ್ಟನ್ ಪೂರ್ತಿ ಮೇಲಿದ್ದಾಗ ಅದರ ಅಂಚಿಗೂ ಹೆಡ್ಡಿಗೂ ನಡುವಿನ ಸಂದು) ಅಳೆಯಿರಿ: ಪಿಸ್ಟನ್ ಪಿನ್ ಇರುವ ದಿಕ್ಕಿನಲ್ಲಿ ಪ್ಲಗ್ ರಂಧ್ರದಿಂದ ಮೆತ್ತನೆಯ ಸೋಲ್ಡರ್ ತಂತಿ ಇಳಿಸಿ ಸಿಲಿಂಡರ್ ಗೋಡೆಗೆ ತಾಗಿಸಿ, ಕೈಯಲ್ಲೇ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ತುದಿ 2 ಮಿ.ಮೀ. ಇದ್ದರೆ ಹೆಡ್ ಅನ್ನು ಸ್ವಲ್ಪ ತೇಯಿಸಬಹುದು. ನಾನು 1.3 ಮಿ.ಮೀ.ಗೆ ನಿಲ್ಲಿಸುತ್ತೇನೆ. ಪೈಪ್ ಬೇಕೇ ಬೇಕಾದರೆ ಹಾಕಿ, ಆದರೆ ಅದು ಶಕ್ತಿ ಸಿಗುವ ಆರ್‌ಪಿಎಂ ಬದಲಿಸುತ್ತದೆ. ಬೆಲ್ಟಿನ ಕ್ಲಚ್ ಎಂಜಿನ್ನನ್ನು ಅಲ್ಲೇ ಹಿಡಿದು ನಿಲ್ಲಿಸಬೇಕು. ಕ್ಲಚ್ಚಿನೊಳಗಿನ ತೂಕದ ತುಂಡುಗಳ ಭಾರ ಕಡಿಮೆ ಮಾಡಿದರೆ ಆರ್‌ಪಿಎಂ ಏರುತ್ತದೆ, ಜಾಸ್ತಿ ಮಾಡಿದರೆ ಇಳಿಯುತ್ತದೆ. ನಿಜ ಹೇಳಲಾ? ಕ್ಲಚ್ ಸರಿ ಮಾಡಿದ ಖುಷಿ ಪೈಪಿನಲ್ಲಿಲ್ಲ.

ಮೇನ್ ಜೆಟ್ ದೊಡ್ಡದರಿಂದಲೇ ಶುರು ಮಾಡಿ, ಪ್ಲಗ್ ನೋಡಿ ಇಳಿಸುತ್ತಾ ಬನ್ನಿ. ಚಳಿ ಹೆಚ್ಚಿದಷ್ಟು ಗಾಳಿ ದಟ್ಟ, ಜೆಟ್ ದೊಡ್ಡದು ಬೇಕು. ಬೆಟ್ಟ ಏರಿದಂತೆ ಸಣ್ಣದು.

ಪ್ರಶ್ನೆ: ಹೊಸ ಪಿಸ್ಟನ್‌ಗೆ ಆಯಿಲ್ ಜಾಸ್ತಿ ಹಾಕಿದಷ್ಟೂ ಒಳ್ಳೇದಲ್ವಾ?

ಉತ್ತರ: ಅಲ್ಲ. ಜೆಟ್ಟಿನಲ್ಲಿ ಹೋಗುವುದು ಪೆಟ್ರೋಲ್, ಆಯಿಲ್ ಬೆರೆತ ದ್ರವ. ಆಯಿಲ್ ಹೆಚ್ಚಾದಷ್ಟು ಅದರಲ್ಲಿ ಪೆಟ್ರೋಲ್ ಕಡಿಮೆ. ಅಂದರೆ ನೀವೇ ಮತ್ತೆ ಮಿಶ್ರಣ ತೆಳು ಮಾಡಿದಿರಿ. ಆಯಿಲ್ ಪಂಪ್ ಇರುವ ಗಾಡಿಯಾದರೆ, ಅದು ಕೆಲಸ ಮಾಡುತ್ತಿದ್ದರೂ, ಮೊದಲ ಟ್ಯಾಂಕಿಗೆ ಮಾತ್ರ 20 ಲೀಟರಿಗೆ 400 ಮಿ.ಲೀ. ಬೆರೆಸಿ. ಎರಡನೇ ಟ್ಯಾಂಕಿನಿಂದ ಪಂಪು ನೋಡಿಕೊಳ್ಳುತ್ತದೆ.