ಅವನು ಅಳುವಾಗ ನಾನು ಸಮಯ ಕಾಯುತ್ತಿದ್ದೆ

ಕ್ರೈಸ್ತ ವಿಶ್ವಾಸಿಗಳಿಗೆ ಆಪ್ತಸಲಹೆ ನೀಡುವ ನನ್ನ ಬಳಿಗೆ ಒಂದೇ ಸಂಕಟ ಬೇರೆ ಬೇರೆ ಮುಖಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಂಬಿಕೆಯಿಲ್ಲದ ಒಬ್ಬರಿಗೆ ಕಷ್ಟಕಾಲದಲ್ಲಿ ಮನಸಾರೆ ನೆರವಾದವರು, ಆ ನೆರವಿನ ಕೊನೆಯಲ್ಲಿ ಸುವಾರ್ತೆಯನ್ನು ಹೇಳಿ, ಅಲ್ಲಿಗೆ ಸ್ನೇಹವನ್ನೇ ಕಳೆದುಕೊಂಡು ಬಂದು ಕುಳಿತಿರುತ್ತಾರೆ. ತಾವು ಹೇಳಿದ್ದು ತಪ್ಪೋ, ಹೇಳಲು ತಡಮಾಡಿದ್ದು ತಪ್ಪೋ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಅಂಥವರಲ್ಲಿ ಒಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಈ ಸಹೋದರರು ನಡುವಯಸ್ಸಿನವರು, ತಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಜವಾಬ್ದಾರಿ ಹೊತ್ತವರು. ಅವರ ಸಹೋದ್ಯೋಗಿಯೊಬ್ಬರ ಹೆಂಡತಿ ದೀರ್ಘಕಾಲ ಕಾಯಿಲೆಯಲ್ಲಿದ್ದು ತೀರಿಕೊಂಡಿದ್ದರು. ಕಾಯಿಲೆಯ ದಿನಗಳಲ್ಲಿ ಇವರು ಆಸ್ಪತ್ರೆಯಲ್ಲಿ ರಾತ್ರಿ ಕಳೆದಿದ್ದರು, ವಿಮೆಯ ಕಾಗದಪತ್ರಗಳನ್ನು ನೋಡಿಕೊಂಡಿದ್ದರು, ಮಕ್ಕಳನ್ನು ಶಾಲೆಗೆ ಬಿಟ್ಟು ಬಂದಿದ್ದರು. ಸಾವಿನ ಕೆಲವು ವಾರಗಳ ಬಳಿಕ ಒಂದು ಸಂಜೆ ಅವರು ಸಹೋದ್ಯೋಗಿಯ ಕೈಗೆ ಒಂದು ಕರಪತ್ರವನ್ನಿಟ್ಟು, ನಿತ್ಯಜೀವದ ಬಗ್ಗೆ ಮಾತು ಶುರುಮಾಡಿದರು. ಆತ ಕೊನೆಯವರೆಗೂ ಕೇಳಿಸಿಕೊಂಡು, ಕರಪತ್ರವನ್ನು ಹಿಂದಿರುಗಿಸಿ, "ಇಷ್ಟು ದಿನ ಬಂದದ್ದು ಇದಕ್ಕಾಗಿಯೇ?" ಎಂದಷ್ಟೇ ಕೇಳಿದರಂತೆ. ಮರುದಿನದಿಂದ ಮಾತು ನಿಂತಿತು.

ನನ್ನ ಬಳಿಗೆ ಬಂದಾಗ ಇವರಿಗೆ ನಿದ್ದೆ ಇರಲಿಲ್ಲ. ಸ್ನೇಹ ಮುರಿದ ದುಃಖಕ್ಕಿಂತಲೂ ಸಭೆಯ ಒಬ್ಬ ಹಿರಿಯರ ಮಾತು ಇವರನ್ನು ಹೆಚ್ಚು ಕಾಡುತ್ತಿತ್ತು. ಆ ಹೆಣ್ಣುಮಗಳು ಬದುಕಿದ್ದಾಗಲೇ ಏಕೆ ಹೇಳಲಿಲ್ಲ, ಆಕೆಯ ರಕ್ತಾಪರಾಧ ಯಾರ ಮೇಲೆ ಎಂದು ಆ ಹಿರಿಯರು ಬೈಬಲಿನ ಯೆಹೆಜ್ಕೇಲನ ಗ್ರಂಥದಲ್ಲಿರುವ, ಎಚ್ಚರಿಸದೆ ಸುಮ್ಮನಿದ್ದ ಕಾವಲುಗಾರನೇ ಸತ್ತವರ ರಕ್ತಕ್ಕೆ ಹೊಣೆ ಎಂಬ ಮಾತನ್ನು ಎತ್ತಿ ಕೇಳಿದ್ದರು. ಈ ವಚನವನ್ನು ಹೀಗೆ ಬಳಸುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಕಾವಲುಗಾರನನ್ನಾಗಿ ನೇಮಿಸಿದ್ದು ಒಬ್ಬ ಪ್ರವಾದಿಯನ್ನು. ಅವನು ಎಚ್ಚರಿಸಬೇಕಾಗಿದ್ದುದು ದೇವರೊಡನೆ ಒಡಂಬಡಿಕೆಯನ್ನು ಮಾಡಿಕೊಂಡು ಅದನ್ನು ಮುರಿದಿದ್ದ ಇಸ್ರಾಯೇಲ್ ಜನವನ್ನು. ಅದನ್ನು ಸಾಯುತ್ತಿರುವ ಹೆಂಗಸಿನ ಹಾಸಿಗೆಯ ಪಕ್ಕ ರಾತ್ರಿಯಿಡೀ ಕುಳಿತ ಒಬ್ಬ ಗೆಳೆಯನ ತಲೆಯ ಮೇಲೆ ಹೊರಿಸಿದರೆ, ಅವನು ಮುಂದಿನ ರೋಗಿಯ ಬಳಿಗೆ ಹೋಗುವಾಗ ಕನಿಕರವನ್ನಲ್ಲ, ಭಯವನ್ನು ಹೊತ್ತು ಹೋಗುತ್ತಾನೆ. ಹೆದರಿದ ಮನುಷ್ಯನ ಸಾಕ್ಷಿ, ಅಂದರೆ ಅವನು ತನ್ನ ನಂಬಿಕೆಯನ್ನು ಇನ್ನೊಬ್ಬರಿಗೆ ಹೇಳುವ ರೀತಿ, ಯಾವಾಗಲೂ ಅವಸರದ್ದು.

ಮೊದಲ ಕೆಲವು ಭೇಟಿಗಳು ಈ ಅಪರಾಧಭಾವದ ಸುತ್ತಲೇ ಕಳೆದವು. ದಿಕ್ಕು ಬದಲಾದದ್ದು ಆಮೇಲಿನ ಒಂದು ಭೇಟಿಯಲ್ಲಿ. ಅಂದು ನಾನು ಇವರ ವಿಷಯವನ್ನು ಬದಿಗಿಟ್ಟು, ತೀರಿಕೊಂಡ ಹೆಣ್ಣುಮಗಳ ಬಗ್ಗೆ ಹೇಳಿ ಎಂದೆ. ಯಾವ ಔಷಧಿಗೆ ಯಾವಾಗ ವಾಂತಿಯಾಗುತ್ತಿತ್ತು, ಯಾವ ವೈದ್ಯರು ಏನು ಹೇಳಿದರು, ಎಷ್ಟನೇ ವಾರದಲ್ಲಿ ಮಾತು ನಿಂತಿತು ಎಂಬುದನ್ನೆಲ್ಲ ಇವರು ತಡವರಿಸದೆ ಹೇಳಿದರು. ಆಕೆ ಯಾವುದಕ್ಕೆ ನಗುತ್ತಿದ್ದರು, ಯಾವುದಕ್ಕೆ ಹೆದರಿದ್ದರು, ಗಂಡ ಈಗ ಮನೆಯಲ್ಲಿ ಯಾವ ಹೊತ್ತನ್ನು ಸಹಿಸಲಾರದೆ ಹೊರಗೆ ಹೋಗುತ್ತಾರೆ ಎಂದು ಕೇಳಿದಾಗ ಇವರಲ್ಲಿ ಉತ್ತರವಿರಲಿಲ್ಲ. ತಿಂಗಳುಗಟ್ಟಲೆ ಆ ಮನೆಯಲ್ಲಿ ಓಡಾಡಿದ್ದರೂ ಕೇಳಿರಲಿಲ್ಲ. ತುಂಬ ಹೊತ್ತು ನೆಲ ನೋಡುತ್ತ ಕುಳಿತಿದ್ದು, ಆಮೇಲೆ ಹೀಗೆಂದರು: "ಅವನು ಅಳುವಾಗಲೂ ನಾನು ಸಮಯ ಕಾಯುತ್ತಿದ್ದೆ. ಈಗ ಹೇಳಲೇ, ಇನ್ನು ಸ್ವಲ್ಪ ಹೊತ್ತು ಬಿಟ್ಟು ಹೇಳಲೇ ಎಂದು ಒಳಗೇ ಲೆಕ್ಕ ಹಾಕುತ್ತಿದ್ದೆ. ಅವನು ಏನು ಹೇಳಿಕೊಂಡು ಅತ್ತ ಎಂಬುದು ನನಗೆ ನೆನಪಿಲ್ಲ."

ಈ ಮಾತನ್ನು ನಾನು ಅವರ ವಿರುದ್ಧ ಬಳಸಲಿಲ್ಲ, ಓದುವವರೂ ಬಳಸಬಾರದು. ಇವರ ದುಡಿಮೆ ಸುಳ್ಳಾಗಿರಲಿಲ್ಲ. ಕಪಟಿಯಾದವನು ಆಸ್ಪತ್ರೆಯ ಬೆಂಚಿನ ಮೇಲೆ ಅಷ್ಟು ರಾತ್ರಿಗಳನ್ನು ಕಳೆಯುವುದಿಲ್ಲ. ಆದರೆ ಕೈ ಮಾಡುತ್ತಿದ್ದ ಕೆಲಸ ಒಂದು, ಮನಸ್ಸು ಕಾಯುತ್ತಿದ್ದುದು ಇನ್ನೊಂದು. ದುಃಖದಲ್ಲಿರುವವರಿಗೆ ಇದು ಬೇಗ ತಿಳಿಯುತ್ತದೆ. ಎದುರಿನವರು ತಮ್ಮ ಮಾತನ್ನು ಕೇಳುತ್ತಿದ್ದಾರೋ, ಮಾತು ಮುಗಿಯುವುದನ್ನು ಕಾಯುತ್ತಿದ್ದಾರೋ ಎಂಬುದನ್ನು ಅವರು ಕಣ್ಣಲ್ಲೇ ಓದಿಬಿಡುತ್ತಾರೆ. ಸಹೋದ್ಯೋಗಿಯ ಪ್ರಶ್ನೆ ಆ ಸಂಜೆ ಹುಟ್ಟಿದ್ದಲ್ಲ, ಕರಪತ್ರ ಬಂದಾಗ ಹೊರಗೆ ಬಂತು ಅಷ್ಟೆ ಎಂದು ನನಗನಿಸುತ್ತದೆ.

ಅಂದು ನಾವು ಲೂಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ನಾಯಿನೆಂಬ ಊರಿನ ವಿಧವೆಯ ಭಾಗವನ್ನು ಓದಿದೆವು. ಒಬ್ಬನೇ ಮಗನ ಶವದ ಹಿಂದೆ ನಡೆಯುತ್ತಿದ್ದ ತಾಯಿಯನ್ನು ಕಂಡು ಯೇಸು ಕನಿಕರಪಟ್ಟನು, ಅಳಬೇಡ ಎಂದನು, ಮಗನನ್ನು ಎಬ್ಬಿಸಿ ತಾಯಿಗೆ ಒಪ್ಪಿಸಿದನು. ಆಕೆ ಏನನ್ನೂ ಬೇಡಿರಲಿಲ್ಲ. ಆಕೆಯ ನಂಬಿಕೆಯನ್ನು ಯೇಸು ವಿಚಾರಿಸಲಿಲ್ಲ, ನನ್ನನ್ನು ಹಿಂಬಾಲಿಸು ಎನ್ನಲಿಲ್ಲ. ದೇವರು ತನ್ನ ಜನರನ್ನು ದರ್ಶಿಸಿದ್ದಾನೆಂದು ಕೊಂಡಾಡಿದವರು ಅದನ್ನು ಕಂಡ ಜನರು. ಹಾಗೆಯೇ ವಾಸಿಯಾದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಒಬ್ಬನೇ ಕೃತಜ್ಞತೆಯಿಂದ ತಿರುಗಿ ಬಂದಾಗ, ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದ್ದುಂಟು. ಆದರೆ ಆ ಒಂಬತ್ತು ಮಂದಿಯ ರೋಗ ಮರಳಿತೆಂದು ಎಲ್ಲಿಯೂ ಬರೆದಿಲ್ಲ. ಕನಿಕರ ನಂಬಿಕೆಯ ಮುಂಗಡವಲ್ಲ ಎಂದು ನಾನು ನಂಬುವುದು ಈ ಭಾಗಗಳ ಆಧಾರದ ಮೇಲೆ.

ನಾನು ಕೊಟ್ಟ ಸಲಹೆ ಹೀಗಿತ್ತು. ಒಮ್ಮೆ ಅವರ ಬಳಿಗೆ ಹೋಗಿ, ನಿಂತೇ ಆದರೂ ಸರಿ, "ನೀವು ಅಳುವಾಗ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ, ಕ್ಷಮಿಸಿ" ಎಂದು ಹೇಳಿ ಬನ್ನಿ. "ಆದರೆ", "ಯಾಕೆಂದರೆ" ಎಂಬ ಮಾತುಗಳನ್ನು ಅದಕ್ಕೆ ಜೋಡಿಸಬೇಡಿ. ನಿಮ್ಮ ಉದ್ದೇಶ ಒಳ್ಳೆಯದಿತ್ತೆಂದು ಸಾಧಿಸಲು ಹೋದರೆ ಕ್ಷಮೆ ಕೇಳಿದ್ದು ವ್ಯರ್ಥ. ವಿಮೆಯ ಕಾಗದದ ಕೆಲಸ ಬಾಕಿ ಇದ್ದರೆ ಮುಗಿಸಿಕೊಡಲೇ ಎಂದು ಕೇಳಿ. ಬೇಡವೆಂದರೆ ಆ ಬೇಡವನ್ನು ಗೌರವಿಸಿ. ನೀವಾಗಿಯೇ ನಂಬಿಕೆಯ ಮಾತನ್ನು ಎತ್ತಬೇಡಿ. ಅವರಾಗಿಯೇ ಕೇಳಿದರೆ ಮುಚ್ಚಿಡಬೇಡಿ. ನಿಮ್ಮ ಬದುಕಿನಲ್ಲಿ ಕ್ರಿಸ್ತನು ಏನಾಗಿದ್ದಾನೆ ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳಿ ನಿಲ್ಲಿಸಿ. ಅವರಿಗಾಗಿ ಪ್ರಾರ್ಥನೆ ಮಾಡುವುದನ್ನು ಮಾತ್ರ ಒಂದು ದಿನವೂ ಬಿಡಬೇಡಿ, ಅದನ್ನು ಅವರಿಗೆ ತಿಳಿಸಲೂ ಬೇಡಿ.

ಇಂಥ ಸಲಹೆಗಾಗಿ ನನ್ನನ್ನು ದೂರುವವರಿದ್ದಾರೆ. ಸಾರುವವನಿಲ್ಲದೆ ಜನರು ಕೇಳುವುದು ಹೇಗೆ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ಮುಂದಿಡುತ್ತಾರೆ, ಇದು ಸುವಾರ್ತೆಗಾಗಿ ನಾಚಿಕೊಳ್ಳುವುದಲ್ಲವೇ ಎನ್ನುತ್ತಾರೆ. ನನ್ನ ಉತ್ತರ ಇಷ್ಟು: ಬಾಯಿ ಬಿಡದ ಸೇವೆಯೇ ಸಾಕು ಎಂದು ನಾನು ಯಾರಿಗೂ ಹೇಳಿಲ್ಲ. ವರ್ಷಗಟ್ಟಲೆ ಜೊತೆಗಿದ್ದೂ ತಾನು ಯಾರನ್ನು ಆರಾಧಿಸುತ್ತೇನೆ ಎಂಬುದನ್ನು ಮುಜುಗರದಿಂದ ಮರೆಮಾಡುವವರು ನನ್ನ ಬಳಿಗೆ ಬಂದಾಗ, ಹೇಳಿ, ಸ್ನೇಹಕ್ಕೆ ಅದು ನೀವು ತೀರಿಸಬೇಕಾದ ಋಣ ಎಂದೇ ಹೇಳುತ್ತೇನೆ. ನಿಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಎಂದು ಪೇತ್ರನ ಮೊದಲ ಪತ್ರಿಕೆ ಹೇಳುತ್ತದೆ. ಆ ಉತ್ತರ ಸೌಮ್ಯವಾಗಿರಬೇಕು, ಗೌರವದಿಂದ ಕೂಡಿರಬೇಕು ಎಂಬುದೂ ಅದೇ ವಾಕ್ಯದ ಭಾಗ. ಅಲ್ಲಿ ಪ್ರಶ್ನೆ ಇನ್ನೊಬ್ಬರದು.

ಇನ್ನೊಂದು ಕಾರಣವನ್ನೂ ಹೇಳಬೇಕು. ದುಃಖದಲ್ಲಿರುವವನು, ಹಾಸಿಗೆ ಹಿಡಿದವನು, ನಿಮ್ಮ ಸಹಾಯದ ಮೇಲೆ ನಿಂತವನು ಬೇಡ ಎನ್ನುವ ಶಕ್ತಿಯನ್ನೇ ಕಳೆದುಕೊಂಡಿರಬಹುದು. ಅಂಥವನಿಂದ ಸಿಗುವ ಒಪ್ಪಿಗೆಯಲ್ಲಿ ನಂಬಿಕೆ ಎಷ್ಟು, ಋಣಭಾರ ಎಷ್ಟು ಎಂಬುದು ಅವನಿಗೂ ತಿಳಿಯದು. 2011ರಲ್ಲಿ ಚರ್ಚುಗಳ ಜಾಗತಿಕ ಮಂಡಳಿ, ವ್ಯಾಟಿಕನ್‌ನ ಅಂತರಧರ್ಮೀಯ ಸಂವಾದ ಮಂಡಳಿ ಮತ್ತು ವರ್ಲ್ಡ್ ಇವ್ಯಾಂಜೆಲಿಕಲ್ ಅಲಯನ್ಸ್ ಒಟ್ಟಾಗಿ ಕ್ರೈಸ್ತ ಸಾಕ್ಷಿಯ ಕುರಿತು ಹೊರಡಿಸಿದ ದಾಖಲೆಯೂ ಬಡತನವನ್ನು, ಕೊರತೆಯನ್ನು ಮತಾಂತರಕ್ಕೆ ಬಳಸಿಕೊಳ್ಳುವುದು, ಆಮಿಷ ಒಡ್ಡುವುದು ಸಲ್ಲದು ಎನ್ನುತ್ತದೆ. ಸಿದ್ಧಾಂತಗಳಲ್ಲಿ ಇಷ್ಟು ದೂರವಿರುವವರು ಇದರಲ್ಲಿ ಒಂದಾದದ್ದು ನನಗೆ ದೊಡ್ಡ ವಿಷಯ. ಹಳೆಯ ಸಭೆಯ ಮಾದರಿಯೂ ಇದಕ್ಕೆ ಹೊರತಲ್ಲ. ಕ್ರೈಸ್ತ ನಂಬಿಕೆಯನ್ನು ತೊರೆದು ಅದನ್ನು ವಿರೋಧಿಸಿದ ರೋಮ್ ಚಕ್ರವರ್ತಿ ಜೂಲಿಯನ್, 362ರ ಸುಮಾರಿಗೆ ಗಲಾತ್ಯದ ಅರ್ಚಕನೊಬ್ಬನಿಗೆ ಬರೆದ ಪತ್ರದಲ್ಲಿ, ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದುದು ಹೀಗೆ) ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಪೋಷಿಸುತ್ತಾರೆ ಎಂದು ಸಂಕಟಪಟ್ಟಿದ್ದಾನೆ. ವಿರೋಧಿಯ ಲೇಖನಿಯಿಂದ ಬಂದ ಇದಕ್ಕಿಂತ ಬಲವಾದ ಸಾಕ್ಷಿ ನನಗೆ ತಿಳಿದಿಲ್ಲ.

ಇವರು ಹೋದರು, ಕ್ಷಮೆ ಕೇಳಿದರು. ಸಹೋದ್ಯೋಗಿ ತಲೆಯಾಡಿಸಿದರೇ ಹೊರತು ಏನೂ ಹೇಳಲಿಲ್ಲ. ಕೆಲವು ವಾರಗಳ ನಂತರ ವಿಮೆಯ ಕಡತವನ್ನು ಅವರೇ ತಂದು ಮೇಜಿನ ಮೇಲಿಟ್ಟರು. ಈಗ ಇವರಿಬ್ಬರೂ ಆಗಾಗ ಒಟ್ಟಿಗೆ ಕುಳಿತುಕೊಳ್ಳುತ್ತಾರೆ. ಆತ ಹೆಂಡತಿಯ ಬಗ್ಗೆ ಮಾತನಾಡುತ್ತಾರೆ, ಇವರು ಕೇಳುತ್ತಾರೆ. ಆಕೆ ಕತ್ತಲೆಗೆ ಹೆದರುತ್ತಿದ್ದರೆಂದೂ, ಸಂಜೆ ದೀಪ ಹಾಕುವ ಹೊತ್ತಿಗೆ ತನಗೆ ಮನೆಯಲ್ಲಿರಲು ಆಗುವುದಿಲ್ಲವೆಂದೂ ಆತ ಹೇಳಿಕೊಂಡಿದ್ದಾರೆ. ಕ್ರಿಸ್ತನ ಬಗ್ಗೆ ಆತ ಇದುವರೆಗೆ ಏನನ್ನೂ ಕೇಳಿಲ್ಲ.

ನಮ್ಮ ಕೊನೆಯ ಭೇಟಿಯಲ್ಲಿ ಇವರು ಹೊಸದೊಂದು ಪ್ರಶ್ನೆಯನ್ನು ತಂದಿದ್ದರು. ಹೆಂಡತಿಯ ಮೊದಲ ವರ್ಷದ ಸ್ಮರಣೆಗೆ ಸಹೋದ್ಯೋಗಿ ಇವರನ್ನು ಕರೆದಿದ್ದರು. ತಮ್ಮದಲ್ಲದ ನಂಬಿಕೆಯ ವಿಧಿ ನಡೆಯುವ ಕಡೆಗೆ ಹೋಗಬಹುದೇ, ಹೋದರೆ ಸಭೆಯ ಹಿರಿಯರು ಏನೆನ್ನುತ್ತಾರೆ ಎಂಬ ಅಳುಕು ಇತ್ತು. ಹೋಗಿ ಎಂದೆ. ಆರಾಧನೆಯಲ್ಲಿ ಪಾಲುಗೊಳ್ಳಲು ನಿಮ್ಮ ಮನಸ್ಸಾಕ್ಷಿ ಒಪ್ಪದಿದ್ದರೆ ಅದನ್ನು ಮೊದಲೇ ಆತನಿಗೆ ವಿನಯದಿಂದ ತಿಳಿಸಿ, ಆದರೆ ಅವರ ಪಕ್ಕದಲ್ಲಿ ಕೊನೆಯವರೆಗೂ ಕುಳಿತಿರಿ ಎಂದೆ. ಹಿರಿಯರು ಪ್ರಶ್ನಿಸಿದರೆ ನನ್ನ ಬಳಿಗೆ ಕಳುಹಿಸಿ ಎಂದೂ ಹೇಳಿ ಕಳುಹಿಸಿದ್ದೇನೆ.