ಬರೀ ಕಾಟನ್ ಕೊಡಿಸಿದರೆ ಸಾಕೇ?

ದಾವಣಗೆರೆಯ ಓದುಗರೊಬ್ಬರು (ಹೆಸರು ಬೇಡ ಎಂದಿದ್ದಾರೆ) ಬರೆದ ಪತ್ರದ ಸಾರ: ‘ಮಗನಿಗೆ ಏಳು ವರ್ಷ, ಆಟಿಸಂ ಇದೆ. ಶಾಲೆಯ ಟೆರಿಕಾಟ್ ಶರ್ಟ್ ಹಾಕಿದರೆ ಕಿತ್ತು ಬಿಸಾಡುತ್ತಾನೆ. ಶುದ್ಧ ಕಾಟನ್ನಿನದು ಹೊಲಿಸಿದೆವು, ಅದಕ್ಕೂ ಅದೇ ರಂಪ. ಮುದ್ದು ಹೆಚ್ಚಾಯಿತು, ಒಂದು ವಾರ ಬಲವಂತವಾಗಿ ಹಾಕಿದರೆ ತಾನೇ ರೂಢಿಯಾಗುತ್ತೆ ಅಂತ ಅತ್ತೆಯವರು ಹೇಳುತ್ತಾರೆ. ನಿಜವೇ?’

ಸಂಪಾದಕರ ಉತ್ತರ:

ನಿಜವಲ್ಲ. ಬೆಳಿಗ್ಗೆ ಹಾಕಿಕೊಂಡ ಅಂಗಿ ನಮಗೆ ಸ್ವಲ್ಪ ಹೊತ್ತಿನಲ್ಲೇ ಮರೆತುಹೋಗುತ್ತದೆ, ಏಕೆಂದರೆ ಒಂದೇ ಸಮನೆ ಬರುವ ಸ್ಪರ್ಶವನ್ನು ಮಿದುಳು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ. ಆಟಿಸಂ ಇರುವ ಅನೇಕರಲ್ಲಿ ಹೀಗೆ ಬಿಡುವುದು ಬಹಳ ನಿಧಾನ. ಮೂರನೇ ಪಿರಿಯಡ್ಡಿನಲ್ಲೂ ಕಾಲರ್ ಆಗತಾನೇ ಹಾಕಿಕೊಂಡಷ್ಟೇ ಚುಚ್ಚುತ್ತಿರುತ್ತದೆ. ಆಟಿಸಂ ಇರುವ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್ ಬಾಲ್ಯದ ಒರಟು ಪೆಟಿಕೋಟನ್ನು ಸ್ಯಾಂಡ್‌ಪೇಪರಿಗೆ ಹೋಲಿಸಿದ್ದಾರೆ. ಮನೋವೈದ್ಯರು ರೋಗಲಕ್ಷಣ ಗುರುತಿಸಲು ಬಳಸುವ 2013ರ ಅಮೆರಿಕದ ಡಿಎಸ್‌ಎಂ-5 ಕೈಪಿಡಿ ಸಂವೇದನೆಯ ಈ ಏರುಪೇರನ್ನು ಆಟಿಸಂ ಗುರುತಿಸುವ ಲಕ್ಷಣಗಳಲ್ಲೇ ಸೇರಿಸಿದೆ. ಅತ್ತೆಯವರಿಗೆ ಇಷ್ಟನ್ನು ಓದಿ ಹೇಳಿ. ಬಲವಂತಕ್ಕೆ ಕೆಲವು ಮಕ್ಕಳು ಸುಮ್ಮನಾಗುವುದೂ ಉಂಟು. ಅಂಥವರು ಶಾಲೆಯಲ್ಲಿ ಹಲ್ಲು ಕಚ್ಚಿಕೊಂಡಿದ್ದು ಸಂಜೆ ಮನೆಯಲ್ಲಿ ಸಿಡಿಯುತ್ತಾರೆ. ಅದನ್ನು ರೂಢಿ ಎನ್ನಲಾಗದು.

ಇನ್ನು ಕಾಟನ್ ಯಾಕೆ ಸೋತಿತು? ಟೆರಿಕಾಟ್‌ನ ತಕರಾರು ಬೆವರಿನದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರ್ ಇರುವುದೇ ಸಾಮಾನ್ಯ. ಹತ್ತಿ ತನ್ನ ತೂಕದ ಸುಮಾರು ಶೇ 8ರಷ್ಟು ತೇವ ಹಿಡಿದರೆ ಪಾಲಿಯೆಸ್ಟರ್ ಶೇ 0.4ರಷ್ಟೇ ಹಿಡಿಯುತ್ತದೆ, ಉಳಿದದ್ದು ಮೈಮೇಲೇ ಅಂಟಂಟು. ಹೊಸ ಕಾಟನ್ನಿನಲ್ಲಿ ಆ ಕಾಟವಿಲ್ಲ, ಆದರೆ ಗಿರಣಿಯ ಗಂಜಿ ಇರುತ್ತದೆ. ‘ರಿಂಕಲ್ ಫ್ರೀ’ ಅಂದರೆ ಅದರ ಮೇಲೆ ರಾಳದ ಲೇಪವೂ ಇದ್ದೀತು. ಇಷ್ಟರ ಮೇಲೆ ಟೈಲರ್ ಹಳೆಯ ಅಳತೆಗೇ, ಹಳೆಯ ಬಕ್ರಂ (ಕಾಲರ್ ನೆಟ್ಟಗೆ ನಿಲ್ಲಲು ಒಳಗಿಡುವ ಬಿರುಸು ಬಟ್ಟೆ), ಹಳೆಯ ಓವರ್‌ಲಾಕ್ (ಅಂಚಿನ ಎಳೆ ಬಿಚ್ಚದಂತೆ ಸುತ್ತುವ ಹೊಲಿಗೆ) ಹಾಕಿ ಹೊಲಿದಿರುತ್ತಾರೆ. ಬಟ್ಟೆ ಬದಲಾಯಿತು, ಚುಚ್ಚುವ ಜಾಗ ಅಲ್ಲೇ ಉಳಿಯಿತು.

ಆದ್ದರಿಂದ ಇನ್ನೊಂದು ಅಂಗಿಗೆ ದುಡ್ಡು ಸುರಿಯುವ ಮೊದಲು ಒಂದು ಭಾನುವಾರ ಅದೇ ಕಾಟನ್ ಶರ್ಟನ್ನು ಒಳಹೊರಗು ಮಾಡಿ ಒಂದು ಗಂಟೆ ಹಾಕಿಸಿ ನೋಡಿ. ಅವನು ನೆಮ್ಮದಿಯಾಗಿದ್ದರೆ ತಪ್ಪು ಹೊಲಿಗೆಯದು. ಆಗಲೂ ಕಿತ್ತೆಸೆದರೆ ಬಟ್ಟೆ, ಕಾಲರ್, ಒಗೆತ ಅಥವಾ ಅಳತೆಯ ಕಡೆ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಉಪಕಾರ ಮಾಡಿತೆಂದು ತಿಳಿಯುವುದಿಲ್ಲ.

ಹೊಲಿಗೆಯೇ ಕಾರಣವಾದರೆ ಅಂಗಿಯ ಒಳಭಾಗವನ್ನು ನಿಮ್ಮ ಮೇಲ್ತುಟಿಗೆ ಮೆಲ್ಲಗೆ ಸವರಿಕೊಂಡು ಹೋಗಿ. ಬೆರಳಿಗೆ ಸಿಗದ್ದು ತುಟಿಗೆ ಸಿಗುತ್ತದೆ. ಕತ್ತಿನ ಹಿಂಭಾಗ, ಹೊಲಿಗೆಗಳು ಬಂದು ಗಂಟಾಗುವ ಕಂಕುಳು, ಶಾಲೆಯ ಲಾಂಛನದ ಕಸೂತಿಯ ಹಿಂಬದಿ, ಇವು ಹೆಚ್ಚಾಗಿ ಸಿಕ್ಕಿಬೀಳುವ ಜಾಗಗಳು. ಸಿದ್ಧ ಉಡುಪಾದರೆ ಲೇಬಲ್ ಕೂಡ. ಅದನ್ನು ಕತ್ತರಿಯಿಂದ ಕತ್ತರಿಸಬೇಡಿ. ಉಳಿಯುವ ಮೋಟು ಅಂಚು ಮೊದಲಿಗಿಂತ ಹೆಚ್ಚು ಗೀರುತ್ತದೆ. ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಒಂದೊಂದೇ ಎಳೆ ಬಿಡಿಸಿ ಪೂರ್ತಿ ತೆಗೆಯಿರಿ. ಪಾರದರ್ಶಕ ನೈಲಾನ್ ದಾರದಲ್ಲಿ ಹೊಲಿದಿದ್ದರೆ ಅದರ ತುಂಡು ತುದಿಗಳೇ ಮುಳ್ಳು, ಅವನ್ನೂ ಹೆಕ್ಕಿ.

ಹೊಸದಾಗಿ ಹೊಲಿಸುವುದಾದರೆ ಬಟ್ಟೆಯನ್ನು ಮೊದಲೇ ನೀರಲ್ಲಿ ನೆನೆಸಿ, ಎರಡು ಮೂರು ಸಲ ಒಗೆದು ಕೊಡಿ. ಗಂಜಿಯೂ ಹೋಗುತ್ತದೆ, ಕುಗ್ಗುವುದೆಲ್ಲ ಕುಗ್ಗಿಯೂ ಬಿಡುತ್ತದೆ. ಬದಿಗೆ ಫ್ರೆಂಚ್ ಸೀಮ್ ಹೇಳಿ: ಒಳಮೈಗಳನ್ನು ಎದುರುಬದುರಾಗಿಟ್ಟು ಅಂಚಿನಿಂದ 6 ಮಿ.ಮೀ. ಬಿಟ್ಟು ಹೊಲಿಗೆ, ಅಂಚನ್ನು 3 ಮಿ.ಮೀ.ಗೆ ಕತ್ತರಿಸಿ, ತಿರುವಿ, ಮತ್ತೆ 6 ಮಿ.ಮೀ. ಬಿಟ್ಟು ಹೊಲಿಗೆ. ಬಿಡಿ ಅಂಚು ಒಳಗೇ ಮುಚ್ಚಿಹೋಗುತ್ತದೆ. ದಪ್ಪ ಬಟ್ಟೆಗೆ ಮಾತ್ರ ಇದು ಬೇಡ, ಕಂಕುಳಲ್ಲಿ ದಪ್ಪ ಏಣು ನಿಲ್ಲುತ್ತದೆ. ಅದಕ್ಕೆ ಜೀನ್ಸ್ ಪ್ಯಾಂಟಿನ ಕಾಲಿಗೆ ಹಾಕುವಂಥ ಚಪ್ಪಟೆ ಹೊಲಿಗೆ ವಾಸಿ. ಕಾಲರಿಗೆ ಬಕ್ರಂ ಬದಲು ಅದೇ ಬಟ್ಟೆಯ ಇನ್ನೊಂದು ಪದರ. ಕಾಲರ್ ಸ್ವಲ್ಪ ಜೋಲುತ್ತದೆ, ಜೋಲಲಿ.

ದೊಗಲೆಯಾದರೆ ಒಳ್ಳೆಯದು ಎಂದುಕೊಂಡಿದ್ದರೆ ಅದನ್ನೂ ಪರೀಕ್ಷಿಸಿ. ಅಳ್ಳಕವಾದ ಬಟ್ಟೆ ಹೆಜ್ಜೆಹೆಜ್ಜೆಗೂ ಮೈಗೆ ತಾಗಿ ಬಿಡುತ್ತದೆ, ಆ ಹಗುರ ಸ್ಪರ್ಶವೇ ಎಷ್ಟೋ ಮಕ್ಕಳಿಗೆ ಅಸಹನೀಯ. ಒಳಗೆ ಮೈಗಂಟುವ ತೆಳು ಹೊಸೈರಿ ಬನಿಯನ್ ಹಾಕಿ ಮೇಲೆ ಶರ್ಟ್ ಹಾಕಿದಾಗ ಸಮಾಧಾನವಾಗುವವರಿದ್ದಾರೆ. ಬನಿಯನ್ನಿನ ಹೊಲಿಗೆ ಹೊರಮುಖವಾಗಿರಲಿ.

ಒಗೆತದಲ್ಲಿ ಬೋರ್‌ವೆಲ್ ನೀರೇ ಮುಖ್ಯ ಶತ್ರು. ಗಡಸು ನೀರಿನ ಸುಣ್ಣದಂಶ ಸೋಪಿನ ಜೊತೆ ಸೇರಿ ಎಳೆಗಳಲ್ಲಿ ಕೂತು ಬಟ್ಟೆಯನ್ನು ರಟ್ಟು ಮಾಡುತ್ತದೆ. ಪುಡಿ ಕಡಿಮೆ ಹಾಕಿ, ಒಂದು ಸಲ ಹೆಚ್ಚು ಜಾಲಿಸಿ, ಕೊನೆಯ ಬಕೆಟ್ಟಿಗೆ ಅರ್ಧ ಲೋಟ ಬಿಳಿ ವಿನೆಗರ್ ಸೇರಿಸಿ. ಬಿಳಿ ಶರ್ಟಿಗೆಂದು ಬ್ಲೀಚ್ ಬಳಸುವ ದಿನ ವಿನೆಗರ್ ಮುಟ್ಟಬೇಡಿ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಪರಿಮಳದ ಕಂಡೀಷನರ್ ಬೇಡ. ಸ್ಪರ್ಶದ ಸಮಸ್ಯೆಗೆ ವಾಸನೆಯದೂ ಸೇರೀತು. ಒಣಗಿದ ಮೇಲೆ ಚೆನ್ನಾಗಿ ಕೊಡವಿ, ಉಜ್ಜಿ ಮೆತ್ತಗೆ ಮಾಡಿ.

ಮೈಮೇಲೆ ಕೆಂಪು ಗುಳ್ಳೆ, ಒಣ ತೇಪೆ ಕಂಡರೆ ಮೊದಲು ಚರ್ಮವೈದ್ಯರಿಗೆ ತೋರಿಸಿ. ನಿನ್ನೆವರೆಗೆ ಹಾಕುತ್ತಿದ್ದ ಬಟ್ಟೆಯನ್ನು ಇವತ್ತು ಒಲ್ಲೆನೆಂದರೆ ಜ್ವರ, ಮೂತ್ರದ ಉರಿ, ನೋವು ಇದೆಯೇ ನೋಡಿ. ಮಾತಿನಲ್ಲಿ ಹೇಳಲಾಗದ ಮಗು ಬಟ್ಟೆ ಕಿತ್ತೆಸೆದು ಹೇಳುವುದುಂಟು.

ಶಾಲೆಗೆ ಪತ್ರ ಬರೆಯಿರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅದರ 16ನೇ ಸೆಕ್ಷನ್ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಒದಗಿಸಬೇಕು. ‘ವಿನಾಯಿತಿ ಕೊಡಿ’ ಎಂದಷ್ಟೇ ಬರೆದರೆ ಏನು ಮಾಡಬೇಕೆಂದು ಅವರಿಗೂ ತಿಳಿಯದು. ಅದೇ ಬಣ್ಣದ ಕಾಲರಿಲ್ಲದ ಅಂಗಿ, ಟೈ ಬೆಲ್ಟು ಬೇಡ, ಕಾಲ್ಚೀಲ ಒಳಹೊರಗು ಮಾಡಿ ಹಾಕಲು ಅನುಮತಿ ಎಂದು ಬಿಡಿಸಿ ಬರೆದು, ವೈದ್ಯರ ಅಥವಾ ಆಕ್ಯುಪೇಷನಲ್ ಥೆರಪಿಸ್ಟ್‌ರ (ದಿನನಿತ್ಯದ ಕೆಲಸಗಳಿಗೆ ಮಗುವನ್ನು ಅಣಿಗೊಳಿಸುವ ತಜ್ಞರು) ಚೀಟಿ ಲಗತ್ತಿಸಿ.

ಒಪ್ಪುವ ಬಟ್ಟೆ ಸಿಕ್ಕಿದ ದಿನವೇ ಅದೇ ಥಾನಿನಿಂದ ಮುಂದಿನ ಎರಡು ಅಳತೆಗೆ ಸಾಲುವಷ್ಟು ಹರಿಸಿಟ್ಟುಕೊಳ್ಳಿ. ಅದೇ ಅಂಗಡಿ, ಅದೇ ಹೆಸರು ಎಂದು ಮುಂದಿನ ಜೂನಿನಲ್ಲಿ ಹೋದರೆ ಕೈಗೆ ಬರುವ ಥಾನು ಬೇರೆಯೇ ಇದ್ದೀತು.