ದರಕು (ಕಾಡಿನ ಒಣಗೆಲೆ) ತರಲು ಬೆಟ್ಟಕ್ಕೆ ಹೋಗುವ ಆಳುಗಳಿಗೆ ಮಂಗನ ಕಾಯಿಲೆ ಬಾರದಂತೆ ಏನು ಮಾಡಬೇಕು?

ಸಾಗರದ ಕಡೆ ಅಡಿಕೆ ತೋಟ, ಜನವರಿಯಿಂದ ಸೊಪ್ಪಿನಬೆಟ್ಟಕ್ಕೆ (ತೋಟಕ್ಕೆ ಸೊಪ್ಪು, ದರಕು ತರುವ ಕಾಡಿಗೆ) ಆರು ಜನ ಹೋಗುತ್ತಾರೆ, ಉಣುಗು (ಉಣ್ಣೆ ಹುಳ) ಹತ್ತದಂತೆ ಮೈಗೆ ಹಚ್ಚುವ ಡೆಪಾ ತೈಲ ಕೊಟ್ಟರೆ ಸಾಕೇ ಎಂದು ಕೇಳಿದ್ದೀರಿ. ತೈಲ ಬೇಕೇ ಬೇಕು, ಆದರೆ ಅದೊಂದೇ ಸಾಲದು.

ಹಳೇ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಿದರು. ಉಳಿದಿರುವುದು ಈ ಕಾಯಿಲೆ ಹರಡುವ ಉಣುಗು ಕಚ್ಚದಂತೆ ನೋಡಿಕೊಳ್ಳುವುದು. ಕಷ್ಟ ಇರುವುದೇ ಇಲ್ಲಿ: ಮರ ಎಲೆ ಉದುರಿಸುವ ಕಾಲಕ್ಕೇ ಮರಿ ಉಣುಗೂ ಹೆಚ್ಚುತ್ತದೆ, ಸುಮಾರು ಡಿಸೆಂಬರ್‌ನಿಂದ ಮೇ ತನಕ. ಎಳ್ಳಿಗಿಂತ ದೊಡ್ಡದಿರದ ಈ ಮರಿಗಳು ಒಣಗೆಲೆಯಲ್ಲೇ ಇರುತ್ತವೆ. ದರಕು ಗುಡಿಸುವಾಗ ಎಚ್ಚರವಾಗಿದ್ದವರು ಎಲೆಅಡಿಕೆ ಹಾಕಲು ಅದೇ ರಾಶಿಯ ಮೇಲೆ ಕೂತುಬಿಡುತ್ತಾರೆ. ಕೂರಲು ಬೋಳು ಜಾಗ ಅಥವಾ ಬಂಡೆ ತೋರಿಸಿ.

ಮಂಗ ಸತ್ತ ಜಾಗಕ್ಕೆ ಆ ವರ್ಷ ಯಾರನ್ನೂ ಕಳಿಸಬೇಡಿ. ಸತ್ತ ಮಂಗನ ಮೈಮೇಲಿನ ಉಣುಗು ಸುತ್ತ ಉದುರಿರುತ್ತವೆ. ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿದರೆ ಸುತ್ತ 50 ಮೀಟರ್ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಹಾಕುತ್ತಾರೆ. ಅಷ್ಟು ದರಕು ಕಡಿಮೆಯಾದರೆ ಆಗಲಿ, ಬದಲಿಗೆ ಸೋಗೆ (ಅಡಿಕೆ ಮರದ ಗರಿ) ಕಡಿದು ಹಾಕಿ.

ತಿಳಿಬಣ್ಣದ ಉದ್ದ ತೋಳಿನ ಅಂಗಿ, ಪ್ಯಾಂಟ್ ಕೊಡಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸಿಕ್ಕಿಸಿರಲಿ. ಸೀರೆ ಮೇಲೆ ಅಂಗಿ ತೊಟ್ಟರೆ ಕೈಗೆ ರಕ್ಷಣೆಯಾಯಿತು, ಕಾಲಿಗೆ ಇಲ್ಲ. ಹೆಂಗಸರಿಗೂ ಒಳಗೆ ಪ್ಯಾಂಟ್ ಬೇಕು. ತೈಲವನ್ನು ಆಶಾ ಕಾರ್ಯಕರ್ತೆಯರು ಪುಕ್ಕಟೆ ಕೊಡುತ್ತಾರೆ. ಹೊರಡುವ ಮುಂಚೆ ಕೈ, ಕಾಲು, ಕುತ್ತಿಗೆಗೆ ಸವರಬೇಕು. ಕಣ್ಣು, ಬಾಯಿಗೆ ತಾಗಬಾರದು. ಬೆವರಿಗೆ ತೊಳೆದುಹೋಗುವುದರಿಂದ ಮಧ್ಯಾಹ್ನ ಸೋಪಿನಲ್ಲಿ ಕೈ ತೊಳೆದು ಉಂಡ ಮೇಲೆ ಇನ್ನೊಮ್ಮೆ ಹಚ್ಚಬೇಕು. ಬೆಳಿಗ್ಗೆ ಹಚ್ಚಿದ್ದೇ ಸಂಜೆ ತನಕ ಎಂದುಕೊಳ್ಳುವಲ್ಲೇ ಎಡವಟ್ಟಾಗುವುದು.

ಬಂದಕೂಡಲೇ ಸೋಪು ಹಚ್ಚಿ ಬಿಸಿನೀರಿನ ಸ್ನಾನ, ಬಟ್ಟೆ ಕುದಿನೀರಿಗೆ. ನಿಮ್ಮ ಬಚ್ಚಲ ಹಂಡೆಯನ್ನೇ ಅವರಿಗೂ ಕಾಯಿಸಿಡಿ, ಮನೆಗೆ ಹೋಗಿ ಮೀಯುವ ಹೊತ್ತಿಗೆ ತಡವಾಗಿರುತ್ತದೆ. ಕಂಕುಳು, ತೊಡೆಸಂದು, ಮಂಡಿ ಹಿಂಭಾಗ, ಕಿವಿ ಹಿಂದೆ ಹುಡುಕಬೇಕು. ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಎಳೆಯಿರಿ. ಬೀಡಿ ಬೆಂಕಿ, ಸೀಮೆಎಣ್ಣೆ ಬೇಡ, ಉಗುರಲ್ಲಿ ಹಿಸುಕುವುದೂ ಬೇಡ.

ತಂದ ದರಕನ್ನು ಅಂಗಳದಲ್ಲಿ ರಾಶಿ ಹಾಕಬೇಡಿ. ಕೊಟ್ಟಿಗೆಗೆ ಹಾಸುವವರಿಗೂ, ಸಗಣಿ ತೆಗೆಯುವವರಿಗೂ ಅದೇ ಅಪಾಯ.

ಕಚ್ಚಿದ 3ರಿಂದ 8 ದಿನದಲ್ಲಿ ಏಕಾಏಕಿ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಶುರುವಾಗಬಹುದು. ದಿನಗೂಲಿ ಹೋಗುತ್ತದೆಂದು ಜ್ವರ ಮುಚ್ಚಿಡುತ್ತಾರೆ. ಆ ದಿನಗಳ ಕೂಲಿ ಕೊಡುತ್ತೇನೆಂದು ಮೊದಲೇ ಹೇಳಿಬಿಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಾಡಿಗೆ ಹೋಗಿದ್ದನ್ನು ಹೇಳಿ ರಕ್ತ ಪರೀಕ್ಷೆ ಮಾಡಿಸಬೇಕು. ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್ ನುಂಗಬಾರದು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ಯಾರನ್ನೂ ದೂರ ಇಡಬೇಕಿಲ್ಲ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮರುಕಳಿಸಿ ಮಿದುಳಿಗೆ ತಾಗುವುದುಂಟು, ಬಿಟ್ಟ ಮರುದಿನವೇ ಕೆಲಸಕ್ಕೆ ಕರೆಯಬೇಡಿ.